ಒಳಗಿನ ತಾರೀಖು, ಹೊರಗಿನ ತಾರೀಖು

ದೇವದುರ್ಗ
14 ಅಕ್ಟೋಬರ್ 2024

ಕುತುಬುದ್ದೀನನಿಗೆ ಅಮರೇಶನ ಜೈ ಭೀಮ್.

ಅಂಚೆಯವನು ನಿನ್ನ ಕೈಗೆ ಒಂದು ನಿಜವಾದ ಪತ್ರ ಕೊಟ್ಟದ್ದು ನೋಡಿ ನಗುತ್ತಿರಬೇಕು. ನಗು. ಮೂವತ್ತೇಳು ವರ್ಷ ಈ ಊರಲ್ಲಿ ಮಂದಿಯ ಪತ್ರ ಹಂಚಿದೆ. ನನ್ನ ಹೆಸರಿಗೆ ಬಂದದ್ದು ಎಲ್‌ಐಸಿ ನೋಟೀಸು ಮತ್ತು ರಿಟೈರ್‌ಮೆಂಟ್ ಆದೇಶ, ಎರಡೇ. ಅಲ್ಲದೆ ಈ ವಿಷಯ ಫೋನಿನಲ್ಲಿ ಆಡುವಂಥದ್ದಲ್ಲ. ನಿನಗೆ ಕಿವಿ ಮಂದ, ಫೋನು ಸ್ಪೀಕರಿಗೆ ಹಾಕಿಯೇ ಮಾತಾಡುತ್ತೀ. ನನ್ನ ಸೊಂಟದ ಕೆಳಗಿನ ಸುದ್ದಿಯನ್ನು ನಿನ್ನ ಬಟ್ಟೆ ಅಂಗಡಿಯಲ್ಲಿ ಖಣ ಆರಿಸುತ್ತ ಕೂತ ಹೆಣ್ಣುಮಕ್ಕಳು ಕೇಳುವುದು ಬೇಡ. ವಾಟ್ಸಾಪಿಗೆ ಬರೆದರೆ ನಿನ್ನ ಮೊಮ್ಮಗಳು ಅರೀಬಾ ಮೊದಲು ಓದುತ್ತಾಳೆ.

ಆರನೇ ತಾರೀಖು ರಾಯಚೂರಿನ ಕ್ಯಾಂಪಿನಲ್ಲಿ ಇಬ್ಬರೂ ರಕ್ತ ಕೊಟ್ಟೆವಲ್ಲ, ಅದರ ರಿಪೋರ್ಟು ನನಗೂ ಬಂತು. ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ನಂಬರು ನನ್ನದು 6.4. ನಾಲ್ಕರ ಒಳಗಿದ್ದರೆ ಚಿಂತೆ ಕಮ್ಮಿಯಂತೆ. ನಾಲ್ಕು ದಾಟಿದವರು ಮುಂದಿನ ಪರೀಕ್ಷೆಗೆ ಹೋಗಬೇಕು, ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ನೋಡುತ್ತಾರೆ. ನಿನ್ನದು 2.9 ಅಂತ ನೀನು ಫೋನಿನಲ್ಲಿ ಕೂಗಿದ್ದು ಗೋಪಮ್ಮನಿಗೂ ಕೇಳಿಸಿತು, ಆಚೆ ಮನೆಯವರಿಗೂ ಕೇಳಿಸಿತು.

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಕಲ್ಲೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯಿಂದ ನೀನು ನನಗಿಂತ ಮೂರು ಮಾರ್ಕು ಮುಂದೆ. ಅರವತ್ಮೂರಕ್ಕೆ ಬಂದ ಮೇಲೂ ನೀನೇ ಮುಂದೆ. ಕ್ಯಾಂಪಿನ ಹಿಂದಿನ ದಿನ ರಾಯಚೂರಿನಲ್ಲಿ ಮಗಳು ವಿಶಾಖಾಳ ಮನೆಯಲ್ಲಿ ಉಳಿದಾಗ ಗೋಪಮ್ಮ ಏನಂದಳು ನೆನಪಿದೆಯೇ? "ಕುತುಬಣ್ಣನ ತಲಿ ನೋಡ್ರಿ, ಕಾಲೇಜ್ ಹುಡುಗನ ತಲಿ ಇದ್ದಂಗ ಅದ. ನಿಮ್ಮದು ತಾಟಿನಂಗ ಮಿಂಚ್ತದ." ಮಗಳೂ ನಕ್ಕಳು. ನಾನೂ ನಕ್ಕೆ. ಆ ನಗು ಇನ್ನೂ ಗಂಟಲಲ್ಲೇ ಇದೆ.

ಮರುದಿನ ಬೆಳಿಗ್ಗೆ ನೀನು ಗೋಡೆಯ ಕಡೆ ತಿರುಗಿ ಏನೋ ಗುಳಿಗೆ ನುಂಗಿದೆ. ಏನದು?

ಪತ್ರ ಓದಿದ ಮೇಲೆ ಲಕೋಟೆ ಎಸೆಯಬೇಡ. ಒಳಗಿನ ತಾರೀಖು ನಾನು ಬರೆದದ್ದು. ಹೊರಗಿನ ಸಿಕ್ಕಾದಲ್ಲಿ ಇರುವ ತಾರೀಖು ಅಂಚೆ ಕಚೇರಿಯದು. ಎರಡೂ ಒಂದೇ ಇದ್ದರೆ ಮಾತ್ರ ಪತ್ರ ಎಲ್ಲೂ ಕೊಳೆಯದೆ ಡಬ್ಬಿಗೆ ಬಿದ್ದಿದೆ ಅಂತ ಅರ್ಥ. ನಾನು ಕೆಲಸದಲ್ಲಿದ್ದಷ್ಟು ದಿನ ಬಂದ ಪತ್ರ ಅಂದೇ ಮುಟ್ಟಿಸಿದ್ದೇನೆ. ಹಳ್ಳ ಬಂದ ದಿನವೂ ಸೈಕಲ್ ಹೆಗಲ ಮೇಲೆ ಹೊತ್ತು ಮುಟ್ಟಿಸಿದ್ದೇನೆ.

ಅಮರೇಶ


ಮಾನ್ವಿ
24 ಅಕ್ಟೋಬರ್ 2024

ಪೋಸ್ಟ್ ಸಾಬ್ ಅಮರೇಶನಿಗೆ ಸಲಾಂ.

ಸಿಕ್ಕಾ ನೋಡಿದೆ. ಒಳಗೆ ಹದಿನಾಲ್ಕು, ಹೊರಗೆ ಹದಿನಾಲ್ಕು. ಪಾಸ್. ಲಕೋಟೆಯನ್ನು ಅಂಗಡಿಯ ಗಲ್ಲೆ ಪೆಟ್ಟಿಗೆಯ ಕೆಳಗೆ ಇಟ್ಟಿದ್ದೇನೆ, ಹಸೀನಾ ಕಣ್ಣಿಗೆ ಬಿದ್ದರೆ ಈ ವಯಸ್ಸಿನಲ್ಲಿ ಯಾರ ಕಾಗದ ಅಂತ ಜಗಳ ತೆಗೆಯುತ್ತಾಳೆ.

ಆರು ಪಾಯಿಂಟ್ ನಾಲ್ಕು! ಲೇ ಅಮರೇಶಾ, ಜೀವನದಲ್ಲಿ ಮೊದಲ ಸಲ ನನಗಿಂತ ಜಾಸ್ತಿ ನಂಬರು ತೆಗೆದಿ, ಅದೂ ಇಂಥದರಲ್ಲಿ. ಹೆದರಬೇಡ. ನಮ್ಮ ಅಂಗಡಿಗೆ ಬರುವ ಪೋತ್ನಾಳದ ಒಬ್ಬ ಗಿರಾಕಿಗೆ ಹನ್ನೊಂದು ಬಂದಿತ್ತು. ಕ್ಯಾನ್ಸರ್ ಅಲ್ಲ, ಬರೀ ಗ್ರಂಥಿ ದಪ್ಪ ಆಗಿತ್ತು. ಈಗ ಹೊಲದಲ್ಲಿ ನೆಟ್ಟಗೆ ತಿರುಗಾಡುತ್ತಾನೆ.

ಗುಳಿಗೆ ವಿಟಮಿನ್. ಶಕ್ತಿಗೆ. ಅದನ್ನೂ ನೋಡಿದೆಯಾ? ಮೂವತ್ತೇಳು ವರ್ಷ ಮಂದಿಯ ಲಕೋಟೆ ಮೇಲೆ ಕಣ್ಣಾಡಿಸಿ ನಿನಗೆ ಚಟ ಆಗಿದೆ.

ನಿನ್ನ ಮಗಳು ವಿಶಾಖಾ ಬಿಳಿ ಕೋಟು ಹಾಕಿಕೊಂಡು ಲ್ಯಾಬಿಗೆ ಹೊರಟದ್ದು ನೋಡಿದೆ. ಎಂಎಸ್ಸಿ, ಬಯೋಕೆಮಿಸ್ಟ್ರಿ. ಒಳ್ಳೆಯದು. ಬಹಳ ಒಳ್ಳೆಯದು. ಇನ್ನೇನು ಬರೆಯಲಿ.

ಕುತುಬು


ಮಾನ್ವಿ
2 ನವೆಂಬರ್ 2024

ಅಮರೇಶಾ,

ಇದರ ಜೊತೆ ಒಂದು ಪಾರ್ಸಲ್ ಇದೆ. ಹೊಸ ಸ್ಟಾಕ್ ಬಂತು, ಇಲಕಲ್ ಸೀರೆ, ದಾಳಿಂಬೆ ಬಣ್ಣ. ಗೋಪಮ್ಮ ವೈನಿಗೆ ಒಪ್ಪುತ್ತದೆ ಅನಿಸಿತು. ನೀನು ತಂದುಕೊಡುವ ಸೀರೆಗಳನ್ನು ನಾನು ನೋಡಿದ್ದೇನೆ, ಅವನ್ನು ಅಂಚೆ ಚೀಲ ಮಾಡಬಹುದು.

ಬಯಾಪ್ಸಿ ಯಾವಾಗ? ತಡ ಮಾಡಬೇಡ. ಜಮೀರನಿಗೆ ನಿನ್ನ ನಂಬರು ಹೇಳಿದೆ, ಅವನು ಕೇಳಿದ: "ಅಬ್ಬಾ, ನಿಮ್ಮ ವಯಸ್ಸಿನವರೇ ಅಲ್ಲೇನ್ರೀ ಅವರು? ನಿಮ್ಮದು ಹೆಂಗ ಇಷ್ಟು ಛಲೋ ಅದ?" ನಾನು ಹೇಳಿದೆ, ಬಾಳು ಬದುಕಿದ ರೀತಿ ಮಗನೇ ಅಂತ. ತಪ್ಪೇನು? ಆರು ಬಂದವನು ಫೇಲು, ಮೂರರೊಳಗೆ ಬಂದವನು ಫಸ್ಟ್ ಕ್ಲಾಸು. ಫೇಲಾದವನಿಗೆ ನಾನೇ ಟ್ಯೂಷನ್ ಹೇಳುತ್ತೇನೆ, ಬಾ.

ವೈನಿಗೆ ಸೀರೆ ಹಿಡಿಸಿತೋ ಇಲ್ಲವೋ ತಪ್ಪದೆ ಬರೆ.

ಕುತುಬು


ದೇವದುರ್ಗ
18 ನವೆಂಬರ್ 2024

ಕುತುಬುದ್ದೀನನಿಗೆ,

ಸೀರೆ ಹಿಡಿಸಿತು. ಉಟ್ಟುಕೊಂಡು ಓಣಿಯೆಲ್ಲ ತಿರುಗಿದಳು. ಯಾರು ಕೊಟ್ಟರು ಅಂತ ಕೇಳಿದವರಿಗೆಲ್ಲ "ನಮ್ಮ ಮಾನ್ವಿ ಕುತುಬಣ್ಣ" ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಬಯಾಪ್ಸಿ ಡಿಸೆಂಬರ್ ಎರಡಕ್ಕೆ, ರಾಯಚೂರಿನಲ್ಲಿ. ನೀನು ಬರುವ ಅಗತ್ಯವಿಲ್ಲ. ಗೋಪಮ್ಮ, ವಿಶಾಖಾ ಇರುತ್ತಾರೆ.

ಬರೆಯಬೇಕಾದ ಮಾತು ಇನ್ನೊಂದಿತ್ತು. ಇರಲಿ, ಈಗ ಮನಸ್ಸಿಲ್ಲ.

ಅಮರೇಶ


ಮಾನ್ವಿ
6 ಡಿಸೆಂಬರ್ 2024

ಅಮರೇಶಾ,

ಬರಬೇಡ ಅಂದರೆ ಬರುವವನು ನಾನು. ನಿನಗೆ ಗೊತ್ತಿರಬೇಕಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ನಿನ್ನ ಮುಖ ಬಿಳಿಚಿತು. ಅಷ್ಟು ಹೆದರಿದ್ದೆಯಾ? ಸೂಜಿ ಚುಚ್ಚಿ ಒಂದಿಷ್ಟು ತುಣುಕು ತೆಗೆಯುತ್ತಾರೆ, ಅಷ್ಟೇ. ಸಿಸ್ಟರಮ್ಮ ನನ್ನನ್ನೇ ಪೇಷಂಟಿನ ತಮ್ಮ ಅಂತ ತಿಳಿದಳು. "ನಿಮ್ಮಣ್ಣಾರಿಗೆ ಸ್ವಲ್ಪ ಧೈರ್ಯ ಹೇಳ್ರಿ" ಅಂದಳು. ನಾನು ನಿನಗಿಂತ ನಾಲ್ಕು ತಿಂಗಳು ದೊಡ್ಡವನು ಅಂತ ಹೇಳಲಿಲ್ಲ. ನನ್ನನ್ನು ಮಾಫ್ ಮಾಡು, ಬಹಳ ಖುಷಿಯಾಯಿತು.

ಒಳಗೆ ಹೋಗುವ ಮೊದಲು ನನ್ನ ಕೈ ಹಿಡಿದು ಏನೋ ಹೇಳಲು ಹೋದಿ. "ಕುತುಬು, ಒಂದು ಮಾತು" ಅಂದಿ. ಆಮೇಲೆ ಕೈ ಬಿಟ್ಟಿ. ನಾನು ಬಸ್ಸಿನಲ್ಲಿ ಮಾನ್ವಿ ಮುಟ್ಟುವ ತನಕ ಅದನ್ನೇ ಯೋಚಿಸಿದೆ. ಏನಾದರೂ ಆದರೆ ಗೋಪಮ್ಮ ವೈನಿಯನ್ನು, ಮಗಳನ್ನು ನೋಡಿಕೋ ಅಂತ ಹೇಳುವವನಿದ್ದೆ, ಅಲ್ಲವಾ? ಹೇಳುವುದು ಬೇಡ. ನೋಡಿಕೊಳ್ಳುತ್ತೇನೆ.

ಈಚೆಗೆ ನನಗೂ ಉಚ್ಚೆ ಹೊಯ್ಯುವಾಗ ಸ್ವಲ್ಪ ತಡವರಿಸುತ್ತದೆ. ವಯಸ್ಸು. ನಂಬರು ಛಲೋ ಇರುವವನು ಯಾಕೆ ಚಿಂತೆ ಮಾಡಬೇಕು?

ರಿಸಲ್ಟ್ ಬಂದ ದಿನವೇ ತಿಳಿಸು.

ಕುತುಬು


ದೇವದುರ್ಗ
3 ನವೆಂಬರ್ 2024

ಕುತುಬುದ್ದೀನನಿಗೆ,

ಇವತ್ತು ಭಾನುವಾರ, ವಿಶಾಖಾ ಮನೆಗೆ ಬಂದಿದ್ದಳು. ಒಂದು ಗಟ್ಟಿ ವಿಷಯ ಬರೆಯುತ್ತೇನೆ, ನಗದೆ ಓದು.

ಆವತ್ತು ವಿಶಾಖಾಳ ಮನೆಯಲ್ಲಿ ನೀನು ಗುಳಿಗೆ ನುಂಗಿ ಖಾಲಿ ಪಟ್ಟಿಯನ್ನು ಕಿಟಕಿಯಲ್ಲಿ ಬಿಟ್ಟಿದ್ದೆ. ನಾನು ಎತ್ತಿ ಜೇಬಿಗೆ ಹಾಕಿಕೊಂಡೆ. ಅಕ್ಷರ ಇರುವ ಕಾಗದ ಎಲ್ಲಿ ಬಿದ್ದಿದ್ದರೂ ಎತ್ತಿ ಓದುವುದು ನನ್ನ ಚಟ. ವಿಟಮಿನ್ ಅಂತ ನೀನು ಬರೆದ ಮೇಲೆ ಅನುಮಾನ ಹೆಚ್ಚಾಗಿ ಇವತ್ತು ಮಗಳಿಗೆ ತೋರಿಸಿದೆ. ಅವಳು ಒಂದೇ ಸಲಕ್ಕೆ ಹೇಳಿದಳು: "ಅಪ್ಪಾ, ಇದು ವಿಟಮಿನ್ ಅಲ್ಲ. ಫಿನಾಸ್ಟರೈಡ್. ಕೂದ್ಲ ಉದುರಬಾರದಂತ ತಗೊಳ್ಳೋ ಗುಳಿಗಿ. ಯಾರದಿದು?" ನಿನ್ನದು ಅಂದೆ. ಅವಳ ಮುಖ ಬದಲಾಯಿತು.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಅಂತ ಇದೆಯಲ್ಲ, ಅದು ರಕ್ತದಲ್ಲಿ ಸಾದಾ ಟಪಾಲಿನ ಹಾಗೆ ಬರುತ್ತದೆ. ಪ್ರಾಸ್ಟೇಟಿನಲ್ಲಿ ಮತ್ತು ತಲೆಯ ಕೂದಲ ಬುಡದಲ್ಲಿ ಒಂದು ಕಿಣ್ವ ಕೂತಿರುತ್ತದೆ. ಬಂದ ಹಾರ್ಮೋನನ್ನು ಅದು ಇನ್ನೂ ಜೋರಿನ ಬೇರೊಂದು ಹಾರ್ಮೋನಾಗಿ ಬದಲಿಸುತ್ತದೆ. ಸಾದಾ ಪತ್ರ ತೆಗೆದುಕೊಂಡು ರಿಜಿಸ್ಟರ್ ಮಾಡಿ ಒಳಗೆ ಕಳಿಸುವ ಗುಮಾಸ್ತ ಅಂತ ನಾನು ಅರ್ಥ ಮಾಡಿಕೊಂಡೆ. ಮಗಳು ಹೌದು ಅಂದಳು. ಆ ಜೋರಿನ ಹಾರ್ಮೋನಿನಿಂದಲೇ ಪ್ರಾಸ್ಟೇಟ್ ಬೆಳೆಯುತ್ತದೆ, ಕೆಲವರಿಗೆ ತಲೆ ಬೋಳಾಗುತ್ತದೆ. ನನ್ನ ಗುಮಾಸ್ತ ಹಗಲಿರುಳು ದುಡಿದಿದ್ದಾನೆ ಅಂತ ಕಾಣುತ್ತದೆ.

ನಿನ್ನ ಗುಳಿಗೆ ಆ ಗುಮಾಸ್ತನ ಕೈ ಕಟ್ಟಿ ಕೂರಿಸುತ್ತದೆ. ಕೂದಲು ಉಳಿಯುತ್ತದೆ. ಗ್ರಂಥಿ ಕುಗ್ಗುತ್ತದೆ. ಅದರ ಜೊತೆಗೆ ಆ ಗ್ರಂಥಿ ರಕ್ತಕ್ಕೆ ಬಿಡುವ ಪಿಎಸ್‌ಎ ಕೂಡ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಕುತುಬು, ಇದನ್ನು ಎರಡು ಸಲ ಓದು. ಇಳಿಯುವುದು ನಂಬರು. ಒಳಗೆ ರೋಗ ಇದ್ದರೆ ಅದು ಅಲ್ಲೇ ಇರುತ್ತದೆ. ಗುಳಿಗೆ ನುಂಗುತ್ತೇನೆ ಅಂತ ಹೇಳಿದ್ದರೆ ಡಾಕ್ಟರು ಲೆಕ್ಕ ಹಿಡಿಯುವಾಗ ನಿನ್ನ ನಂಬರನ್ನು ಎರಡರಿಂದ ಗುಣಿಸುತ್ತಿದ್ದರು. 2.9 ಅಲ್ಲ, 5.8. ನೀನೂ ನನ್ನ ಸಾಲಿನಲ್ಲೇ ನಿಲ್ಲಬೇಕಿತ್ತು.

ವಿಶಾಖಾ ಈಗಲೇ ನಿನಗೆ ಫೋನು ಮಾಡುತ್ತೇನೆ ಅಂದಳು. ಬೇಡ, ಅದು ಸ್ಪೀಕರಿನಲ್ಲಿ ಆಡುವ ಮಾತಲ್ಲ, ನಾನೇ ಬರೆದು ನಾಳೆ ಬೆಳಿಗ್ಗೆ ಡಬ್ಬಿಗೆ ಹಾಕುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. "ತಡ ಮಾಡಬ್ಯಾಡಪ್ಪಾ" ಅಂತ ಬಸ್ಸು ಹತ್ತುವಾಗಲೂ ಹೇಳಿದಳು. ಇದು ಮುಟ್ಟಿದ ಕೂಡಲೇ ಡಾಕ್ಟರ ಹತ್ತಿರ ಹೋಗು. ನಾಚಿಕೆ ಪಡಬೇಡ. ನಾನು ಯಾರಿಗೂ ಹೇಳುವುದಿಲ್ಲ.

ಅಮರೇಶ


ಮಾನ್ವಿ
19 ಡಿಸೆಂಬರ್ 2024

ಅಮರೇಶನಿಗೆ,

ಪತ್ರ ನಿನ್ನೆ ಬಂತು. ಹಸೀನಾಗೆ ಚಹಾ ಇಡು ಅಂತ ಹೇಳಿ ಓದಿದೆ. ಚಹಾ ಆರಿಹೋಯಿತು.

ಮೊದಲು ಗುಳಿಗೆಯ ಮಾತು. ನಿನ್ನ ಮಗಳು ಹೇಳಿದ್ದು ಖರೆ. ಆರು ವರ್ಷದಿಂದ ನುಂಗುತ್ತಿದ್ದೇನೆ. ಒಂದು ದಿನ ತಲೆ ಬಾಚುವಾಗ ನಡುನೆತ್ತಿ ಕಾಣಿಸಿತು, ಅಂದೇ ರಾಯಚೂರಿಗೆ ಹೋಗಿ ಬರೆಸಿಕೊಂಡು ಬಂದೆ. ಹಸೀನಾಗೂ ಗೊತ್ತಿಲ್ಲ. ಕ್ಯಾಂಪಿನಲ್ಲಿ ಡಾಕ್ಟರು ಕೇಳಿದರು: "ದಿನಾ ಏನಾರ ಗುಳಿಗಿ ತಗೋತೀರೇನ್ರಿ?" ಬಾಯಿಗೆ ಬಂದಿತ್ತು. ಹಿಂದೆ ನೀನು ನಿಂತಿದ್ದೆ. "ಏನಿಲ್ರಿ ಸಾಹೇಬ್ರ" ಅಂದುಬಿಟ್ಟೆ.

ಯಾಕೆ ಅಂತ ಕೇಳುತ್ತೀಯಾ? ನಿನಗೆ ಖಾಕಿ ಅಂಗಿ ಇತ್ತು, ಪೆನ್ಷನ್ ಇದೆ. ದೇವದುರ್ಗದ ಒಂದೊಂದು ಮನೆಯ ಮುದುಕಿಯೂ ನಿನ್ನ ಹೆಸರು ಹಿಡಿದು ಕರೆದು ನೀರು ಕೊಡುತ್ತಾಳೆ. ನಾನು ನನ್ನ ಮಗಳು ಮುಸರ್ರತ್‌ಳನ್ನು ಪಿಯುಸಿಗೆ ಬಿಡಿಸಿ ಮದುವೆ ಮಾಡಿದೆ. ಅವಳು ನಿನ್ನ ವಿಶಾಖಾಗಿಂತ ಶಾಣ್ಯಾ ಇದ್ದಳು. ಬಿಳಿ ಕೋಟಿನಲ್ಲಿ ನಿನ್ನ ಮಗಳನ್ನು ನೋಡಿದಾಗೆಲ್ಲ ನನ್ನ ಎದೆಯಲ್ಲಿ ಚುರ್ ಅನ್ನುತ್ತದೆ. ನಿನ್ನ ಹತ್ತಿರ ಇಲ್ಲದ್ದು ನನ್ನ ಹತ್ತಿರ ಉಳಿದದ್ದು ಈ ಕೂದಲು ಒಂದೇ. ಅದನ್ನೂ ಗುಳಿಗೆ ನುಂಗಿ ಉಳಿಸಿಕೊಂಡಿದ್ದೇನೆ ಅಂತ ನಿನ್ನ ಮುಂದೆ ಹೇಳಲೇನು?

ಇದು ನನ್ನ ತಪ್ಪು. ಈಗ ನಿನ್ನದು ಹೇಳು.

ಲಕೋಟೆ ಎಸೆಯಬೇಡ ಅಂತ ನೀನೇ ಕಲಿಸಿದ್ದು. ಒಳಗೆ ನವೆಂಬರ್ ಮೂರು. ಹೊರಗಿನ ಸಿಕ್ಕಾ ಡಿಸೆಂಬರ್ ಹದಿನಾರು. ಅಂಚೆಯವರ ತಪ್ಪಿರಬೇಕು ಅಂತ ಮೊದಲು ಅಂದುಕೊಂಡೆ. ಆದರೆ ಸಿಕ್ಕಾ ದೇವದುರ್ಗದ್ದೇ. ಪತ್ರ ಡಬ್ಬಿಗೆ ಬಿದ್ದದ್ದೇ ಡಿಸೆಂಬರ್ ಹದಿನಾರಕ್ಕೆ. ನಲವತ್ಮೂರು ದಿನ. ಆ ನಡುವೆ ನನಗೆ ಇನ್ನೊಂದು ಪತ್ರ ಬರೆದಿ. ಆ ನಡುವೆ ನಾನು ರಾಯಚೂರಿಗೆ ಬಂದು ನಿನ್ನ ಮಂಚದ ಪಕ್ಕ ನಿಂತೆ. ನೀನು ನನ್ನ ಕೈ ಹಿಡಿದಿದ್ದಿ.

ನಾಳೆ ಡಾಕ್ಟರ ಹತ್ತಿರ ಹೋಗುತ್ತೇನೆ. ನಲವತ್ಮೂರು ದಿನ ಎಲ್ಲಿತ್ತು ಈ ಪತ್ರ?

ಕುತುಬುದ್ದೀನ್


ದೇವದುರ್ಗ
23 ಡಿಸೆಂಬರ್ 2024

ಕುತುಬು,

ನನ್ನ ಟ್ರಂಕಿನಲ್ಲಿತ್ತು. ಖಾಕಿ ಅಂಗಿಯ ಮಡಿಕೆಯೊಳಗೆ.

ನವೆಂಬರ್ ನಾಲ್ಕರ ಬೆಳಿಗ್ಗೆ ಪತ್ರ ಜೇಬಿನಲ್ಲಿಟ್ಟುಕೊಂಡು ಡಬ್ಬಿಯ ಕಡೆ ಹೊರಟಿದ್ದೆ. ಬಾಗಿಲಲ್ಲೇ ಈಗಿನ ಪೋಸ್ಟ್‌ಮ್ಯಾನ್ ಎದುರಾಗಿ ನಿನ್ನ ಪತ್ರ, ನಿನ್ನ ಪಾರ್ಸಲ್ ಕೊಟ್ಟ. ಕಟ್ಟೆಯ ಮೇಲೆ ಕೂತು ಓದಿದೆ. ಬಾಳು ಬದುಕಿದ ರೀತಿ. ಆರು ಬಂದವನು ಫೇಲು. ನನಗೆ ಕ್ಯಾನ್ಸರ್ ಇದೆಯೋ ಏನೋ ಅಂತ ಊಟ ಸೇರದೆ ಕೂತಿದ್ದ ದಿನ ಅದು. ಒಳಗೆ ಗೋಪಮ್ಮ ನಿನ್ನ ಸೀರೆಯನ್ನು ಎದೆಗೆ ಹಿಡಿದು ಕನ್ನಡಿ ಮುಂದೆ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕು ನಾನು ತಂದ ಯಾವ ಸೀರೆಗೂ ಬಂದಿರಲಿಲ್ಲ.

ನಾಳೆ ಹಾಕಿದರಾಯಿತು ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ನಾನು ರಜೆಯಲ್ಲಿದ್ದಾಗ ಪತ್ರ ಒಂದು ದಿನ ತಡ ಮಾಡಿದ ಹುಡುಗನನ್ನು ಬೈದು ಅಳಿಸಿದವನು ನಾನು. ವಿಶಾಖಾ ಫೋನು ಮಾಡಿ "ಹಾಕಿದೇನಪ್ಪಾ?" ಅಂತ ಕೇಳಿದಳು. ಹಾಕಿದೆ ಅಂದೆ. ಮಗಳಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಬಯಾಪ್ಸಿಯ ದಿನ ನೀನು ಬರುತ್ತೀ ಅಂತ ನಾನು ಅಂದುಕೊಂಡಿರಲಿಲ್ಲ. ನಾನು ಹೇಳಲು ಹೋದದ್ದು ಇದೇ ಮಾತು. ಅಷ್ಟರಲ್ಲಿ ಸಿಸ್ಟರು ನಿನ್ನನ್ನು ನನ್ನ ತಮ್ಮ ಅಂದಳು, ನೀನು ತಲೆ ಸವರಿಕೊಂಡು ನಕ್ಕಿ. ನಾನು ಕೈ ಬಿಟ್ಟೆ. ಇನ್ನೂ ಕೆಟ್ಟದ್ದಿದೆ, ಅದನ್ನೂ ಬರೆಯುತ್ತೇನೆ. ಡಿಸೆಂಬರ್ ಹತ್ತಕ್ಕೆ ನನ್ನ ರಿಸಲ್ಟ್ ಬಂತು. ಕ್ಯಾನ್ಸರ್ ಇಲ್ಲ, ಗ್ರಂಥಿ ದಪ್ಪ ಆಗಿದೆ ಅಷ್ಟೇ. ಅವತ್ತೇ ನಿನಗೆ ಎರಡೂ ತಿಳಿಸಬೇಕಿತ್ತು. ಆರು ದಿನ ಸುಮ್ಮನಿದ್ದೆ. ಆ ಆರು ದಿನ ನಮ್ಮಿಬ್ಬರಲ್ಲಿ ನಾನೇ ಮೇಲೆ ಅಂತ ನನಗೊಬ್ಬನಿಗೇ ಗೊತ್ತಿತ್ತು. ಐವತ್ತು ವರ್ಷದಲ್ಲಿ ಮೊದಲ ಸಲ. ಅದನ್ನು ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ ಚೀಪುತ್ತ ಕೂತೆ. ಏಳನೆಯ ದಿನ ನನ್ನ ಮುಖ ನನಗೇ ನೋಡಲಾಗಲಿಲ್ಲ.

ಡಬ್ಬಿಗೆ ಹಾಕುವ ಮೊದಲು ಒಳಗಿನ ತಾರೀಖು ತಿದ್ದಬಹುದಿತ್ತು. ಪೆನ್ನು ಕೈಯಲ್ಲಿತ್ತು. ತಿದ್ದಲಿಲ್ಲ. ನೀನು ಸಿಕ್ಕಾ ನೋಡುತ್ತೀ ಅಂತ ಗೊತ್ತಿತ್ತು.

ಡಾಕ್ಟರು ಏನಂದರು? ಒಂದು ಸಾಲು ಬರೆ. ಬೈದಾದರೂ ಬರೆ.

ಅಮರೇಶ


ದೇವದುರ್ಗ
27 ಜನವರಿ 2025

ಕುತುಬು,

ಒಂದು ತಿಂಗಳಾಯಿತು. ಫೋನು ಮಾಡಿದರೆ ಕಟ್ ಮಾಡುತ್ತೀ. ಮೊನ್ನೆ ಮಾನ್ವಿಗೆ ಬಂದಿದ್ದೆ. ಅಂಗಡಿಯಲ್ಲಿ ಜಮೀರ ಒಬ್ಬನೇ ಇದ್ದ. "ಅಬ್ಬಾ ಊರಾಗಿಲ್ರೀ ಚಾಚಾ. ಏನೂ ಹೇಳಬ್ಯಾಡ ಅಂದಾರ" ಅಂದ. ಚಹಾ ತರಿಸಿದ. ಕುಡಿಯದೆ ಬಂದೆ.

ವಿಶಾಖಾಗೆ ಎಲ್ಲ ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಗೋಪಮ್ಮ ಆ ದಾಳಿಂಬೆ ಸೀರೆಯನ್ನು ಮಡಿಚಿ ಇಟ್ಟಿದ್ದಾಳೆ, ಉಡುವುದಿಲ್ಲ. ದಿನಾ ಹನ್ನೊಂದಕ್ಕೆ ಅಂಚೆಯವನ ಸೈಕಲ್ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕೂರುತ್ತೇನೆ. ಪತ್ರಕ್ಕೆ ಕಾಯುವವರ ಮುಖ ಮೂವತ್ತೇಳು ವರ್ಷ ನೋಡಿದ್ದೇನೆ. ಆ ಮುಖ ಹೊತ್ತು ಕೂರುವುದು ಎಂಥದ್ದು ಅಂತ ಈಗ ತಿಳಿಯಿತು.

ಅಮರೇಶ


ಮಾನ್ವಿ
10 ಜನವರಿ 2025

ಅಮರೇಶಾ,

ನಿನ್ನ ಪತ್ರ ಓದಿದೆ. ಬೈಗುಳ ಆಮೇಲೆ. ಮೊದಲು ಸುದ್ದಿ.

ಡಾಕ್ಟರಿಗೆ ಗುಳಿಗೆಯ ಪಟ್ಟಿ ತೋರಿಸಿದೆ. ಅವರು ಹಣೆ ಒತ್ತಿಕೊಂಡರು. ಮತ್ತೆ ರಕ್ತ, ಸ್ಕ್ಯಾನು, ಸೂಜಿ ಎಲ್ಲ ಆಯಿತು. ಮೊನ್ನೆ ರಿಪೋರ್ಟು ಬಂತು. ಕ್ಯಾನ್ಸರ್ ಇದೆ. ಗ್ರಂಥಿಯ ಒಳಗೇ ಇದೆ, ಹೊರಗೆ ಹೋಗಿಲ್ಲ. ಗ್ರಂಥಿಯನ್ನೇ ತೆಗೆಯುತ್ತಾರೆ. ಹೈದರಾಬಾದಿನಲ್ಲಿ, ಫೆಬ್ರವರಿ ಹನ್ನೆರಡಕ್ಕೆ.

ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದರೆ ಈ ಪೆನ್ನು ಎರಡು ಸಲ ಎಸೆದೆ. ಆದರೂ ನೀನು ಬರಬೇಕು. ಹಸೀನಾ ಆಸ್ಪತ್ರೆ ವಾಸನೆಗೇ ಬೀಳುತ್ತಾಳೆ. ಜಮೀರ ನನ್ನ ಮುಂದೆ ನಗುತ್ತಾನೆ, ಬಚ್ಚಲಿಗೆ ಹೋಗಿ ಅಳುತ್ತಾನೆ. ನನಗೆ ಹೆದರಿಕೆ ಆಗುತ್ತಿದೆ ಅಂತ ನಾನು ಯಾರ ಮುಂದೆ ಹೇಳಲಿ? ನಿನ್ನ ಮಂಚದ ಪಕ್ಕ ನಾನು ನಿಂತಿದ್ದೆ. ನೀನು ನನ್ನ ಮಂಚದ ಪಕ್ಕ ನಿಲ್ಲು. ಹನ್ನೊಂದರ ಬೆಳಿಗ್ಗೆಯೇ ಬಂದುಬಿಡು.

ಕುತುಬು

22 ಫೆಬ್ರವರಿ 2025

ಮೇಲಿನದನ್ನು ಬರೆದು, ಲಕೋಟೆಗೆ ಹಾಕಿ, ನಿನ್ನ ವಿಳಾಸ ಬರೆದು ಅಂಟಿಸಿದೆ. ಆಮೇಲೆ ಗಲ್ಲೆಯ ಕೆಳಗೆ ನಿನ್ನ ಪತ್ರದ ಪಕ್ಕದಲ್ಲೇ ಇಟ್ಟೆ. ನಲವತ್ಮೂರು ದಿನ ಎಣಿಸಿ ಹಾಕಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ. ಇವತ್ತಿಗೆ ನಲವತ್ಮೂರು. ಲಕೋಟೆ ಒಡೆದು ಇಷ್ಟು ಸೇರಿಸಿ ಹೊಸದಕ್ಕೆ ಹಾಕುತ್ತಿದ್ದೇನೆ. ಸಿಕ್ಕಾ ನೋಡಿಕೋ.

ಆಪರೇಷನ್ ಆಯಿತು. ಎಲ್ಲ ತೆಗೆದಿದ್ದಾರೆ, ಚೆನ್ನಾಗಿ ಆಗಿದೆ ಅಂದರು. ಹದಿನೇಳಕ್ಕೆ ಮನೆಗೆ ಬಂದೆ. ಇನ್ನೂ ಉಚ್ಚೆಯ ಕೊಳವೆ, ಚೀಲ ಕಟ್ಟಿಕೊಂಡೇ ತಿರುಗುತ್ತಿದ್ದೇನೆ.

ಕಲ್ಲೂರು, ಮಾನ್ವಿ ಕಡೆಯಿಂದ ಇಪ್ಪತ್ತು ಮಂದಿ ಹೈದರಾಬಾದಿಗೆ ಬಂದಿದ್ದರು. ನನ್ನನ್ನು ಗಾಡಿಯಲ್ಲಿ ಮಲಗಿಸಿ ಒಳಗೆ ತಳ್ಳಿಕೊಂಡು ಹೋಗುವಾಗ ತಲೆ ಎತ್ತಿ ಬಾಗಿಲ ಕಡೆ ನೋಡಿದೆ. ನಾನೇ ಕರೆಯದವನನ್ನು ನಾನೇ ಕಾದೆ. ಅಲ್ಲಿ ನಿನ್ನ ಬೋಳುತಲೆ ಕಾಣಲಿಲ್ಲ.

ಈಗ ಸಮ ಆಯಿತು ಅಂತ ಬರೆಯಬೇಕು ಅಂದುಕೊಂಡಿದ್ದೆ. ಬರೆಯಲು ಬರುತ್ತಿಲ್ಲ, ಯಾಕಂದರೆ ಆಗಿಲ್ಲ. ನಲವತ್ಮೂರು ದಿನದಿಂದ ಈ ರೋಗಕ್ಕೆ ಅಂಥ ವ್ಯತ್ಯಾಸ ಆಗಿಲ್ಲ ಅಂತ ಡಾಕ್ಟರು ಹೇಳಿದರು. ಆದರೆ ನಿನ್ನ ಪತ್ರ ಬರದೇ ಹೋಗಿದ್ದರೆ ನಾನು ಆ 2.9ನ್ನು ವರ್ಷಗಟ್ಟಲೆ ಊರಿಗೆಲ್ಲ ತೋರಿಸುತ್ತ ತಿರುಗುತ್ತಿದ್ದೆ. ಅದೂ ನನಗೆ ಗೊತ್ತು.

ಗುಳಿಗೆ ಬಿಟ್ಟೆ. ಬಾಚಣಿಗೆ ತುಂಬ ಕೂದಲು ಬರುತ್ತಿವೆ. ಅರೀಬಾ ಎಣಿಸುತ್ತಾಳೆ.

ಕುತುಬು


ದೇವದುರ್ಗ
25 ಫೆಬ್ರವರಿ 2025

ಕುತುಬು,

ಪತ್ರ ಈಗ ಹನ್ನೊಂದಕ್ಕೆ ಬಂತು. ಒಳಗೆ ಜನವರಿ ಹತ್ತು, ಹೊರಗೆ ಫೆಬ್ರವರಿ ಇಪ್ಪತ್ತೆರಡು. ಎಣಿಸಿದೆ. ಆ ನಲವತ್ಮೂರು ದಿನ ನೀನು ಹೇಗೆ ಕಳೆದೆ ಅಂತ ನಾನು ಕೇಳುವ ಹಾಗಿಲ್ಲ.

ಹನ್ನೊಂದರ ಬೆಳಿಗ್ಗೆಯೇ ಬಂದುಬಿಡು ಅಂದದ್ದನ್ನು ನಾಲ್ಕು ಸಲ ಓದಿದೆ. ಫೆಬ್ರವರಿ ಹನ್ನೊಂದರ ಬೆಳಿಗ್ಗೆ ನಾನು ಈ ಕಟ್ಟೆಯ ಮೇಲೆ ಕೂತು ನಿನ್ನನ್ನು ಬೈಯುತ್ತಿದ್ದೆ. ಕಟ್ಟೆಯ ಮೇಲೆಯೇ ಅತ್ತೆ, ಓಣಿಯವರು ನೋಡಿದರು. ಅಳುತ್ತಲೇ ಇನ್ನೊಂದಾಯಿತು. ಇಪ್ಪತ್ತು ಮಂದಿ ಹೈದರಾಬಾದಿಗೆ ಬಂದಿದ್ದರು ಅನ್ನುವಲ್ಲಿಗೆ ಬಂದಾಗ ಮತ್ತೆ ಹೊಟ್ಟೆ ಉರಿಯಿತು. ನನ್ನ ಬಯಾಪ್ಸಿಗೆ ಬಂದದ್ದು ಮೂವರು, ಅದರಲ್ಲಿ ಒಬ್ಬ ನೀನು. ಈ ಬುದ್ಧಿ ಹೋಗುವುದಿಲ್ಲ ಕುತುಬು. ಇಟ್ಟುಕೊಂಡೇ ಬರುತ್ತೇನೆ.

ಇನ್ನೊಂದು ಮಾತು ನಿನಗೆ ನಾನೇ ಹೇಳಬೇಕು. ನನ್ನ ಗ್ರಂಥಿ ಕುಗ್ಗಲಿ ಅಂತ ಡಾಕ್ಟರು ನನಗೂ ಫಿನಾಸ್ಟರೈಡ್ ಬರೆದುಕೊಟ್ಟಿದ್ದಾರೆ. ನಿನ್ನದೇ ಗುಳಿಗೆ, ನಿನ್ನದಕ್ಕಿಂತ ಐದು ಪಟ್ಟು ಜೋರಿನದು. ಇನ್ನು ಮುಂದೆ ರಕ್ತ ಪರೀಕ್ಷೆ ಮಾಡುವವರಿಗೆಲ್ಲ ಮೊದಲು ಅದನ್ನು ಹೇಳಬೇಕು ಅಂತ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ನಿನ್ನ ತಲೆ ಖಾಲಿಯಾಗುವ ಹೊತ್ತಿಗೆ ನನ್ನ ತಲೆಯಲ್ಲಿ ನಾಲ್ಕು ಕೂದಲು ಎದ್ದರೂ ಏಳಬಹುದು. ನಿನಗೆ ಹೊಟ್ಟೆ ಉರಿಯಲಿ, ತೊಂದರೆಯಿಲ್ಲ.

ಗೋಪಮ್ಮ ದಾಳಿಂಬೆ ಸೀರೆ ತೆಗೆದು ಉಟ್ಟಿದ್ದಾಳೆ, ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ವಿಶಾಖಾಗೆ ಫೋನು ಮಾಡಿದೆ. ಎರಡು ತಿಂಗಳಾದ ಮೇಲೆ ಎತ್ತಿದಳು. "ನಾನೂ ರಾಯಚೂರಿಂದ ಬರ್ತೀನಿ, ಕಾಕಾನ ರಿಪೋರ್ಟ್ ನೋಡ್ಬೇಕು" ಅಂದಳು.

ಈ ಪತ್ರ ಡಬ್ಬಿಗೆ ಹಾಕುವುದಿಲ್ಲ. ಇದರ ಮೇಲೆ ಸಿಕ್ಕಾ ಇರುವುದಿಲ್ಲ. ಖಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಸಿರವಾರದ ಮೇಲೆ ಮಾನ್ವಿಗೆ ಹೋಗುವ ಹನ್ನೆರಡರ ಬಸ್ಸಿಗೆ ಹೊರಟಿದ್ದೇನೆ. ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಗುತ್ತದೆ, ನಗಬೇಡ. ನಿನ್ನ ಬಾಗಿಲಲ್ಲಿ ನಿಂತು ಪೋಸ್ಟ್ ಅಂತ ಕೂಗುತ್ತೇನೆ. ಜಮೀರ ಬಂದರೆ ಕೊಡುವುದಿಲ್ಲ, ಹಸೀನಾ ಭಾಬಿ ಬಂದರೂ ಕೊಡುವುದಿಲ್ಲ. ಇದು ರಿಜಿಸ್ಟರ್. ಚೀಲ ಹಿಡಿದುಕೊಂಡು ನಿಧಾನಕ್ಕೆ ಎದ್ದು ಬಾ. ಎಷ್ಟು ಹೊತ್ತಾದರೂ ನಿಂತಿರುತ್ತೇನೆ.

ಅಮರೇಶ